ಇಬ್ಬರ ಕಪಾಟು

ಜೂನ್ 12

ಅಕ್ಕಾ,

ಬಂದು ಇಷ್ಟು ದಿನವಾದರೂ ಒಂದು ಪತ್ರ ಹಾಕಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ. ಫೋನು ಇರುವಾಗ ಪತ್ರ ಯಾತಕ್ಕೆ ಎಂದೂ ಕೇಳುತ್ತೀಯ. ಏನು ಮಾಡಲಿ, ನಾನು ಫೋನು ಹಿಡಿದ ಕೂಡಲೇ ಇವರು ಬಂದು ಪಕ್ಕದಲ್ಲಿ ಕೂರುತ್ತಾರೆ. "ಸ್ಪೀಕರ್ ಹಾಕು, ನಾನೂ ಅಕ್ಕನ ಹತ್ರ ಮಾತಾಡ್ತೀನಿ" ಅನ್ನುತ್ತಾರೆ. ಹೀಗಾಗಿ ನಮ್ಮಿಬ್ಬರ ಮಾತು ಊಟ ಆಯ್ತಾ, ನಿದ್ದೆ ಬಂತಾ ಎನ್ನುವುದನ್ನು ದಾಟುವುದೇ ಇಲ್ಲ. ಇವತ್ತು ಹೇಳಬೇಕಾದದ್ದು ಬಟ್ಟೆಯ ವಿಷಯ. ಅವರ ಕಿವಿಗೆ ಬಿದ್ದರೆ ಬೇಜಾರು ಮಾಡಿಕೊಂಡಾರು.

ಮನೆ ಚೆನ್ನಾಗಿದೆ. ಮಲಗುವ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಕಪಾಟು, ಬಾಗಿಲಿಗೆಲ್ಲ ಕನ್ನಡಿ. ತೆಗೆದರೆ ಒಳಗೆ ದೀಪ ಹೊತ್ತಿಕೊಳ್ಳುತ್ತದೆ. ಮೊದಲ ದಿನ ಫ್ರಿಜ್ಜಿನ ಬಾಗಿಲು ತೆಗೆದುಬಿಟ್ಟೆನೇನೋ ಎಂದು ಗಾಬರಿಯಾಗಿ ಮುಚ್ಚಿದೆ. ಅದರಲ್ಲಿ ಅರ್ಧ ನನ್ನದಂತೆ. ಅಪ್ಪ ಅಮ್ಮ ಹೋದ ಮೇಲೆ ಇಷ್ಟು ವರ್ಷ ಇಬ್ಬರೂ ಒಂದೇ ಕಪಾಟಿನಲ್ಲಿ ಬಾಳಿದವರು ನಾವು. ಯಾವುದು ನಿನ್ನದು ಯಾವುದು ನನ್ನದು ಎಂದು ನಮಗೇ ಗೊತ್ತಿರಲಿಲ್ಲ. ಇಲ್ಲಿ ಅಷ್ಟು ಜಾಗದ ಮುಂದೆ ನಿಂತರೆ ಯಾರದೋ ಮನೆಗೆ ನೆಂಟಳಾಗಿ ಬಂದ ಹಾಗಿದೆ.

ಮದುವೆಯ ಹಿಂದಿನ ವಾರ ಮಂಚದ ಮೇಲೆ ಎಲ್ಲ ಸುರಿದುಕೊಂಡು ಪಾಲು ಮಾಡಿದೆವಲ್ಲ, ಆಗ ನಮ್ಮ ಬುದ್ಧಿ ಎಲ್ಲಿಗೆ ಹೋಗಿತ್ತು? "ಅಂಗಿಗಳೆಲ್ಲ ಚೆಂದ ಇವೆ, ನೀನೇ ತಗೊಂಡ್ಹೋಗು" ಅಂದೆ ನೀನು. "ಹಂಗಾದ್ರೆ ಪ್ಯಾಂಟೆಲ್ಲ ನಿಂಗೆ ಇರ್ಲಿ" ಅಂದೆ ನಾನು. ಇಬ್ಬರಿಗೂ ಅಳು ತಡೆದುಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಈಗ ನೋಡಿದರೆ ನನ್ನ ಹತ್ತಿರ ಸೊಂಟದಿಂದ ಮೇಲೆ ಮಾತ್ರ ಬಟ್ಟೆ ಇದೆ. ಸೊಂಟದಿಂದ ಕೆಳಗೆ ಎಲ್ಲ ನಿನ್ನ ಹತ್ತಿರ.

ಇವರು ಪ್ರತಿ ಶನಿವಾರ ಸಂಜೆ ತಮ್ಮ ಕನ್ನಡಕದ ಅಂಗಡಿ ಬೇಗ ಮುಚ್ಚಿ ನನ್ನನ್ನು ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಮೂರು ಅಂತಸ್ತಿನ ಅಂಗಡಿ, ಸಾಲು ಸಾಲು ಬಟ್ಟೆ, ನೋಡುತ್ತಾ ನೋಡುತ್ತಾ ತಲೆ ಚಿಟ್ಟು ಹಿಡಿಯುತ್ತದೆ. ಕೊನೆಗೆ ಅವರೇ ಆರಿಸುತ್ತಾರೆ. ಯಾವ ಮುಖಕ್ಕೆ ಯಾವ ಫ್ರೇಮು ಎಂದು ದಿನವಿಡೀ ಹೇಳುವವರು, ಅವರ ಕಣ್ಣು ಪಳಗಿದೆಯಂತೆ. ಮನೆಗೆ ಬಂದು ಅದನ್ನು ನೇತುಹಾಕಿದರೆ ಅದಕ್ಕೂ ಪಕ್ಕದಲ್ಲಿರುವುದಕ್ಕೂ ಎಣ್ಣೆ ಸೀಗೆಕಾಯಿ. ಕಪಾಟು ತುಂಬಿದೆ, ಹಾಕಿಕೊಳ್ಳಲು ಏನೂ ಇಲ್ಲ.

ನಾವು ವರ್ಷಕ್ಕೆ ಎರಡು ಸಲ ಅಂಗಡಿಗೆ ಹೋಗುತ್ತಿದ್ದವರು, ಅಷ್ಟರಲ್ಲೇ ಹೇಗೆ ನಿಭಾಯಿಸುತ್ತಿದ್ದೆವು? ಸ್ವಲ್ಪ ಹೇಳಿಕೊಡು. ಆ ಬೂದು ಬಣ್ಣದ ಪ್ಯಾಂಟು ಪಾರ್ಸೆಲ್ ಮಾಡುತ್ತೀಯಾ? ಅದೊಂದು ಇದ್ದರೆ ನನ್ನ ಅಂಗಿಗಳಿಗೆಲ್ಲ ಜೀವ ಬರುತ್ತದೆ.

ನಿನ್ನ
ಮೊಂಡಿ


ಜೂನ್ 24

ಪ್ರೀತಿಯ ಮೊಂಡಿ,

ಮುಖ ಊದಿಸಿಕೊಂಡಿದ್ದು ನಿಜ. ನಿನ್ನ ಪತ್ರ ಓದಿ ನಕ್ಕು ನಕ್ಕು ಊತ ಇಳಿಯಿತು. ಲ್ಯಾಬಿನಲ್ಲಿ ಓದುತ್ತಿದ್ದೆ. ಸೊಂಟದಿಂದ ಮೇಲೆ ಕೆಳಗೆ ಎಂದು ಬರೆದದ್ದನ್ನು ಓದಿ ಕಿಸಕ್ಕೆಂದೆ. ಕೆಮಿಸ್ಟ್ರಿ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಆಸಿಡ್ಡು ಅಳೆಯುವಾಗ ನಗುವ ಲ್ಯಾಬ್ ಅಸಿಸ್ಟೆಂಟನ್ನು ಯಾರು ತಾನೇ ನಂಬುತ್ತಾರೆ?

ಅಲ್ಲವೇ ಹುಡುಗಿ, ಕೊಡಿಸುವವರಿದ್ದಾರೆ ಎಂದು ಗೋಳಾಡುವವಳು ನೀನೊಬ್ಬಳೇ ಇರಬೇಕು. ಇರಲಿ, ಕೇಳಿದ್ದೀಯ, ಹೇಳುತ್ತೇನೆ. ಮೊದಲು ಇರುವುದನ್ನೆಲ್ಲ ಮಂಚದ ಮೇಲೆ ಸುರಿ. ಹೋದ ತಿಂಗಳು ಯಾವುದನ್ನು ಮತ್ತೆ ಮತ್ತೆ ಹಾಕಿಕೊಂಡೆ ನೋಡು. ಅದೇ ನಿನ್ನ ನಿಜವಾದ ಬಟ್ಟೆ, ಮಿಕ್ಕದ್ದೆಲ್ಲ ಅತಿಥಿಗಳು. ಆಮೇಲೆ ನಿನ್ನ ದಿನ ಹೇಗೆ ಕಳೆಯುತ್ತದೆ ಎಂದು ಯೋಚಿಸು. ಮುರಿದ ಕೈಕಾಲಿನವರಿಗೆ ವ್ಯಾಯಾಮ ಮಾಡಿಸುವವಳು ನೀನು, ನೆಲದ ಮೇಲೆ ಕೂತು ಏಳಬೇಕು, ತೋಳು ಮಡಚಬೇಕು. ಅಲ್ಲೂ ಯಾವುದಾದರೂ ಕ್ಲಿನಿಕ್ಕಿಗೆ ಸೇರುತ್ತೀಯಲ್ಲ, ಆ ಕೆಲಸಕ್ಕೆ ಬಾರದ ಬಟ್ಟೆ ಎಷ್ಟು ಚೆಂದವಿದ್ದರೇನು? ಬಣ್ಣ ನಾಲ್ಕಕ್ಕಿಂತ ಹೆಚ್ಚು ಬೇಡ. ನಮ್ಮದು ನೀಲಿ, ಬೂದು, ಬಿಳಿ, ಇಟ್ಟಿಗೆ. ಕತ್ತಲಲ್ಲಿ ಕೈಹಾಕಿ ಎರಡು ತೆಗೆದರೂ ಜೋಡಿಯಾಗುತ್ತಿತ್ತು. ಅಂಗಡಿಗೆ ನೋಡಿ ಬರೋಣ ಎಂದು ಹೋಗಲೇಬೇಡ. ಏನು ಬೇಕೆಂದು ಮನೆಯಲ್ಲೇ ತೀರ್ಮಾನಿಸಿ, ಅದನ್ನು ಮಾತ್ರ ತರಲು ಹೋಗು.

ಮತ್ತೆ ನಮ್ಮ ಪರೀಕ್ಷೆಯ ಮೊಳೆ ಮರೆತೆಯಾ? ಹೊಸದಾಗಿ ಬಂದದ್ದು ಚೀಟಿ ಕೀಳದೆ ಒಂದು ವಾರ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗಬೇಕು. ಕಪಾಟಿನೊಳಗಿನ ಮೂರು ಬಟ್ಟೆಯ ಜೊತೆ ಹೊಂದಿಕೊಂಡರೆ ಒಳಗೆ, ಇಲ್ಲವಾದರೆ ವಾಪಸ್ಸು. ನೀನು ಆ ಗಿಳಿಹಸಿರು ಲಂಗ ತಂದಿದ್ದೆಯಲ್ಲ, ವಾರವಿಡೀ ತೂಗಿ ತೂಗಿ ಕೊನೆಗೆ ಅಂಗಡಿಗೇ ಹೋಯಿತು. ನಾನು ತಡೆಯದಿದ್ದರೆ ಅದನ್ನು ಉಟ್ಟುಕೊಂಡು ಕ್ಲಿನಿಕ್ಕಿನಲ್ಲಿ ಗಿಳಿಯ ಹಾಗೆ ಕೂತಿರುತ್ತಿದ್ದೆ.

ಬೂದು ಪ್ಯಾಂಟಿಗೆ ಆಸಿಡ್ಡು ಹಾರಿ ಮೊಣಕಾಲಲ್ಲಿ ತೂತಾಯಿತು. ಅಲ್ಲೇ ಹೊಸದು ಕೊಂಡುಕೋ, ಅವರು ಕೊಡಿಸುತ್ತಾರೆ. ನನ್ನ ಬಗ್ಗೆ ಯೋಚನೆ ಬೇಡ. ನಿನ್ನ ಪಾಲಿನ ಅರೆಗಳಿಗೂ ನನ್ನ ಬಟ್ಟೆ ಹರಡಿಕೊಂಡು ಹಾಯಾಗಿದ್ದೇನೆ. ಕಪಾಟಿನಲ್ಲಿ ಈಗ ಒಂದು ಕರವಸ್ತ್ರಕ್ಕೂ ಜಾಗವಿಲ್ಲ.

ನಿನ್ನ
ಅಕ್ಕ


ಜುಲೈ 20

ಅಕ್ಕಾ,

ನೀನು ಹೇಳಿದಂತೆ ಮಂಚದ ಮೇಲೆ ಸುರಿದೆ. ನಿಜವಾದ ಬಟ್ಟೆ ಯಾವುದು ಎಂದು ಹುಡುಕಿದರೆ ಎಲ್ಲ ನಮ್ಮ ಮನೆಯಿಂದ ತಂದವೇ. ಅಷ್ಟರಲ್ಲಿ ಇವರು ಬಂದರು. "ಏನಿದು ಸಂತೆ?" ಅಂದರು. ಹೊಂದಿಸುತ್ತಿದ್ದೇನೆ ಅಂದೆ. ಪಕ್ಕದಲ್ಲೇ ನಿಂತು ಅವರೂ ಹೊಂದಿಸಿದರು. ತಾವು ಕೊಡಿಸಿದ್ದು ಒಂದು ಕಡೆ, ನಮ್ಮ ಮನೆಯದು ಇನ್ನೊಂದು ಕಡೆ; ಬಹಳ ಬೇಗ ಮುಗಿಯಿತು.

ಮೊಳೆಯನ್ನೂ ಹೊಡೆದೆ. ಆ ವಾರ ತಂದ ಹಳದಿ ಉಡುಪನ್ನು ಬಾಗಿಲ ಹಿಂದೆ ತೂಗುಹಾಕಿದೆ, ಚೀಟಿ ಸಮೇತ. ಎರಡನೇ ದಿನ ನೋಡಿದವರೇ, "ನಾನು ಕೊಡ್ಸಿದ್ದು ಒಳಗಿಡೋಕೂ ಯೋಗ್ಯ ಇಲ್ವಾ?" ಅಂದರು. ನಾನು ನಮ್ಮ ಪದ್ಧತಿ ವಿವರಿಸಿ ಹೇಳಿ ನಗಿಸಲು ನೋಡಿದೆ. ನಗಲಿಲ್ಲ. ಮಾರನೇ ದಿನ ಮೊಳೆ ಇರಲಿಲ್ಲ, ಆ ಜಾಗಕ್ಕೆ ಸುಣ್ಣ ಮೆತ್ತಿತ್ತು. ಎಷ್ಟು ಅಚ್ಚುಕಟ್ಟು ನೋಡು.

ಬಟ್ಟೆ ಹಾಕಿ ನೋಡುವ ಕೋಣೆಗಳಿರುತ್ತವಲ್ಲ, ಅದರ ಎದುರಿಗೆ ಒಂದು ಕುರ್ಚಿ ಇಟ್ಟಿರುತ್ತಾರೆ. ಇವರು ಅಲ್ಲಿ ಕೂರುತ್ತಾರೆ. ನಾನು ಹಾಕಿಕೊಂಡು ಹೊರಗೆ ಬರಬೇಕು, ಒಂದು ಸುತ್ತು ತಿರುಗಬೇಕು. ಅವರು ಒಪ್ಪಿ ತಲೆಯಾಡಿಸದಿದ್ದರೆ ಮತ್ತೆ ಒಳಗೆ. ಹೋದ ಶನಿವಾರ ಎಷ್ಟು ಸಲ ಒಳಗೆ ಹೊರಗೆ ಆಯಿತೋ ಲೆಕ್ಕವಿಲ್ಲ. ಅಂಗಡಿಯ ಹುಡುಗಿ ನನ್ನನ್ನು ನೋಡಿ, "ಮೇಡಂ, ನೀರು ಬೇಕಾ?" ಅಂದಳು. ನನ್ನ ಮುಖ ಹಾಗಿತ್ತೋ ಏನೋ.

ಕ್ಲಿನಿಕ್ಕಿನಲ್ಲಿ ಕೆಲಸ ಖಾಲಿ ಇದೆ ಎಂದು ಕರೆದಿದ್ದರು. ಸದ್ಯಕ್ಕೆ ಬೇಡ ಅಂದರು ಇವರು, ಇನ್ನೂ ಹೊಸತಲ್ಲವೇ ಎಂದು. ಅದೂ ಸರಿಯೇ. ಈ ಬಟ್ಟೆಗಳ ತೋಳು ಮೊಣಕೈ ಮೇಲೆ ಏರುವುದೇ ಇಲ್ಲ, ಇವನ್ನು ಹಾಕಿಕೊಂಡು ಯಾರ ಕಾಲು ಎತ್ತಲಿ?

ಇಟ್ಟಿಗೆ ಬಣ್ಣದ ಅಂಗಿ ಕಾಣಲಿಲ್ಲವೆಂದು ಹುಡುಕಿದೆ. ಕಾರು ಒರೆಸಲು ತೆಗೆದುಕೊಂಡಿದ್ದರಂತೆ. ಕಾಲರು ಸವೆದಿತ್ತು, ಹೌದು.

ಅಕ್ಕಾ, ಆಗಸ್ಟಿನಲ್ಲಿ ನಿನಗೆ ಕಾಲೇಜು ರಜೆ ತಾನೇ. ನಾನು ಒಂದು ಹತ್ತು ದಿನಕ್ಕೆ ಬರಲೇ? ಇಬ್ಬರೂ ಕೂತು ಮತ್ತೊಮ್ಮೆ ಪಾಲು ಮಾಡೋಣ, ಈ ಸಲ ಅರ್ಧ ಮೇಲೆ ಅರ್ಧ ಕೆಳಗೆ. ನನಗೆ ಬೇರೇನೂ ಬೇಡ. ನೀನು ಬಾ ಎಂದು ಬರೆದರೆ ಸಾಕು, ಮುಂದಿನದು ನಾನು ನೋಡಿಕೊಳ್ಳುತ್ತೇನೆ.

ಪತ್ರವನ್ನು ಕೆಳಗಿನ ಮನೆಯ ದರ್ಜಿಯಮ್ಮನ ವಿಳಾಸಕ್ಕೆ ಹಾಕು, ಲಕೋಟೆಯ ಹಿಂದೆ ಬರೆದಿದ್ದೇನೆ. ಅವರು ನನಗೆ ತಲುಪಿಸುತ್ತಾರೆ. ಮರೆಯಬೇಡ.

ಮೊಂಡಿ


ಆಗಸ್ಟ್ 3

ಪ್ರೀತಿಯ ಮೊಂಡಿ,

ಸವೆದ ಕಾಲರಿನ ಅಂಗಿಗೆ ಇಷ್ಟು ದೊಡ್ಡ ಶೋಕಾಚರಣೆಯೇ? ಕಾರಾದರೂ ಹೊಳೆಯಲಿ ಬಿಡು.

ನೀನು ಬರುತ್ತೀನಿ ಅಂದದ್ದು ಓದಿ ನಿಜವಾಗಿ ಖುಷಿಯಾಯಿತು. ಆದರೆ ಈಗ ಬೇಡ. ಮದುವೆಯಾಗಿ ನಾಲ್ಕು ತಿಂಗಳೂ ತುಂಬಿಲ್ಲ, ಬಟ್ಟೆ ಹೊಂದಿಸುವ ನೆಪ ಹೇಳಿಕೊಂಡು ಹತ್ತು ದಿನ ಅಕ್ಕನ ಮನೆಯಲ್ಲಿ ಕೂತರೆ ಅವರಿಗೆ ಏನನ್ನಿಸಬೇಡ? ನಾನು ನಿನ್ನನ್ನು ಎಳೆದುಕೊಳ್ಳುತ್ತಿದ್ದೇನೆ ಎಂದುಕೊಂಡಾರು. ಅಲ್ಲದೆ ರಜೆಯಲ್ಲೂ ನನಗೆ ಬಿಡುವಿಲ್ಲ, ಲ್ಯಾಬಿನ ತಪಾಸಣೆ ಇದೆ. ಕಪಾಟಿನಲ್ಲಿ ಜಾಗವಿಲ್ಲವೆಂದು ಹಿಂದೆಯೇ ಬರೆದಿದ್ದೆ. ನಿನ್ನ ಮಂಚದ ಮೇಲೂ ಈಗ ನನ್ನ ಪುಸ್ತಕ, ಇಸ್ತ್ರಿ ಬಟ್ಟೆ ಎಲ್ಲ ಕೂತಿವೆ.

ಮೊಂಡಿ, ಸ್ವಲ್ಪ ಯೋಚಿಸು. ನಮ್ಮಿಬ್ಬರಿಗೂ ಬಟ್ಟೆ ಕೊಡಿಸಿದವರು ಯಾರಿದ್ದರು? ಸಣ್ಣವರಿದ್ದಾಗ ಚಿಕ್ಕಮ್ಮನ ಮಕ್ಕಳು ಬಿಟ್ಟದ್ದು, ದೊಡ್ಡವರಾದ ಮೇಲೆ ನಾವೇ ದುಡಿದದ್ದು. ನಿನಗೆ ಒಬ್ಬರು ವಾರವಾರವೂ ಕೂತು, ತಿರುಗಿಸಿ ನೋಡಿ ಕೊಡಿಸುತ್ತಿದ್ದಾರೆ. ಅದನ್ನು ಗೋಳು ಅನ್ನಬೇಡ. ಹೊಸ ಬಟ್ಟೆ ಮೊದಲ ಸಲ ಮೈಗೆ ಒತ್ತುತ್ತದೆ, ನಾಲ್ಕು ಸಲ ಒಗೆದ ಮೇಲೆ ಸರಿಹೋಗುತ್ತದೆ. ನಿನಗೆ ಮೊದಲಿನಿಂದಲೂ ಯಾವುದಕ್ಕೂ ತಾಳ್ಮೆ ಇಲ್ಲ.

ಇನ್ನೊಂದು ವಿಷಯ. ನಿನಗಾಗಿ ಒಂದು ಮಾತು ಆಡಿದ್ದೇನೆ. ಮೊನ್ನೆ ಅವರ ಅಂಗಡಿಗೇ ಫೋನು ಮಾಡಿದೆ. "ಅವ್ಳಿಗೆ ಅಂಗಡಿ ಸುತ್ತೋದು ಅಭ್ಯಾಸ ಇಲ್ಲ, ಸ್ವಲ್ಪ ನಿಧಾನವಾಗಿ ಕರ್ಕೊಂಡು ಹೋಗಿ. ಬಟ್ಟೆ ಹೊಂದಿಸ್ಕೊಳ್ಳೋಕೆ ಇಲ್ಲಿಗೆ ಬರ್ತೀನಿ ಅಂತಿದ್ಲು, ನಾನೇ ಬೇಡ ಅಂದೆ" ಎಂದು ಹೇಳಿದೆ. "ಒಳ್ಳೇದಾಯ್ತು ಅಕ್ಕಾ, ನಂಗೆ ಒಂದು ಮಾತೂ ಹೇಳಿರ್ಲಿಲ್ಲ ಅವ್ಳು" ಅಂದರು. ಎಷ್ಟು ಮೆತ್ತಗೆ ಮಾತಾಡುತ್ತಾರೆ. ಅಂಥವರ ಹತ್ತಿರ ನೇರವಾಗಿ ಹೇಳಿಕೊಳ್ಳಲು ಏನು ಕಷ್ಟ ನಿನಗೆ?

ದರ್ಜಿಯಮ್ಮನ ವಿಳಾಸವೆಲ್ಲ ಯಾಕೆ, ಕಳ್ಳರ ಹಾಗೆ. ಮನೆಯ ವಿಳಾಸಕ್ಕೇ ಹಾಕುತ್ತಿದ್ದೇನೆ.

ನಿನ್ನ
ಅಕ್ಕ


ಆಗಸ್ಟ್ 19

ಪ್ರೀತಿಯ ಅಕ್ಕನಿಗೆ,

ನಿಮ್ಮ ಪತ್ರ ತಲುಪಿತು. ನಾವಿಬ್ಬರೂ ಕ್ಷೇಮ. ನೀವು ಹೇಳಿದ್ದು ಸರಿಯಾಗಿದೆ. ಬಟ್ಟೆಯ ಸಮಸ್ಯೆ ಬಗೆಹರಿದಿದೆ. ಹಳೆಯವನ್ನೆಲ್ಲ ವಿಲೇವಾರಿ ಮಾಡಿದ್ದರಿಂದ ಕಪಾಟು ಅಚ್ಚುಕಟ್ಟಾಗಿದೆ. ಇನ್ನು ಮುಂದೆ ಏನಿದ್ದರೂ ಫೋನಿನಲ್ಲೇ ಮಾತಾಡೋಣ. ಇವರು ನಿಮಗೆ ನಮಸ್ಕಾರ ಹೇಳಿದ್ದಾರೆ.

ಇತಿ,
ನಿಮ್ಮ ತಂಗಿ


ಸೆಪ್ಟೆಂಬರ್ 5

ಪ್ರೀತಿಯ ಮೊಂಡಿ,

ಇದೇನೇ ನಿಮ್ಮ, ನೀವು, ಇತಿ? ಮದುವೆಯಾದ ಮೇಲೆ ದೊಡ್ಡ ಮನುಷ್ಯಳಾಗಿಬಿಟ್ಟೆಯಾ? ಮೊದಲು ಸ್ವಲ್ಪ ಪಿಚ್ಚೆನಿಸಿತು. ಆಮೇಲೆ, ಬುದ್ಧಿ ಹೇಳಿದ್ದಕ್ಕೆ ಮುನಿಸಿಕೊಂಡಿದ್ದಾಳೆ, ನಾಲ್ಕು ದಿನ ಬಿಟ್ಟರೆ ಇಳಿಯುತ್ತದೆ ಎಂದು ಸುಮ್ಮನಾದೆ. ಕಪಾಟು ಹಗುರವಾದದ್ದು ಕೇಳಿ ಸಂತೋಷ. ನೋಡಿದೆಯಾ, ನಾನು ಹೇಳಿರಲಿಲ್ಲವೇ?

ಇಲ್ಲಿ ಹೊಸದೇನಿಲ್ಲ. ತಪಾಸಣೆಗೆ ಬಂದವರು ಬಾಟಲಿಗಳನ್ನು ಎಣಿಸಿ, ನನ್ನ ಏಪ್ರನ್ನಿನ ತೂತು ನೋಡಿ, ಹೊಸದು ತರಿಸಿಕೊಳ್ಳಿ ಎಂದು ಹೇಳಿ ಹೋದರು. ಮುಗಿದ ದಿನ ಸಂಜೆ ಮನೆಯಲ್ಲಿ ಸದ್ದೇ ಇರಲಿಲ್ಲ. ನಿನಗೆ ಫೋನು ಮಾಡೋಣವೆಂದು ಎತ್ತಿಕೊಂಡು, ಇಬ್ಬರೂ ಹೊರಗೆ ಹೋಗಿರುತ್ತೀರಿ, ಶನಿವಾರವಲ್ಲವೇ ಎಂದು ಇಟ್ಟೆ.

ಒಂದು ಸಾಲು ಬರೆ. ಇತಿ ಬೇಡ.

ಅಕ್ಕ


ಅಕ್ಟೋಬರ್ 29
(ದರ್ಜಿಯಮ್ಮನ ವಿಳಾಸಕ್ಕೆ)

ಮೊಂಡಿ,

ಈ ವಿಳಾಸಕ್ಕೆ ಬರೆಯಲು ನೀನು ಹೇಳಿ ಮೂರು ತಿಂಗಳಾಯಿತು. ಈಗ ಬರೆಯುತ್ತಿದ್ದೇನೆ. ನಿನ್ನ ಆ ಲಕೋಟೆ ಎಲ್ಲಿಟ್ಟೆನೆಂದು ಹುಡುಕಿ ಸುಸ್ತಾಗಿ ಕೊನೆಗೆ ಕಪಾಟಿನ ಕಾಗದದ ಹಾಸಿನ ಕೆಳಗೆ ಸಿಕ್ಕಿತು.

ನಿನ್ನ ಫೋನು ಹೋಗುತ್ತಲೇ ಇಲ್ಲ. ಅವರಿಗೆ ಮಾಡಿದೆ. ನಾನು ಬಾಯಿ ತೆಗೆಯುವ ಮೊದಲೇ, "ಅವ್ಳು ನಿಮ್ಮ ಹತ್ರ ಇಲ್ವಾ?" ಅಂದರು. ಇಲ್ಲ ಅಂದೆ. "ಸುಳ್ಳು ಹೇಳ್ಬೇಡಿ ಅಕ್ಕಾ" ಅಂದರು. ಅದೇ ಮೆತ್ತಗಿನ ದನಿ. ಫೋನು ಇಟ್ಟುಬಿಟ್ಟೆ. ಆಮೇಲೆ ನಿನ್ನ ಪತ್ರಗಳನ್ನೆಲ್ಲ ತೆಗೆದು ಸಾಲಾಗಿ ಇಟ್ಟುಕೊಂಡು ಓದಿದೆ. ಜುಲೈ ತಿಂಗಳದ್ದನ್ನು ಓದಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಓದಿದೆ. ಅದರಲ್ಲಿ ಎಲ್ಲ ಇತ್ತು. ಮೊಳೆ ಕಿತ್ತು ಸುಣ್ಣ ಮೆತ್ತಿದ್ದು, ಕುರ್ಚಿ, ನೀರು ಬೇಕಾ ಎಂದು ಕೇಳಿದ ಹುಡುಗಿ. ಯಾರೋ ಗುರುತಿಲ್ಲದ ಹುಡುಗಿಗೆ ಕಂಡದ್ದು ನನಗೆ ಕಾಣಲಿಲ್ಲ. ನಾನು ನಿನಗೆ ಒಗೆದರೆ ಸರಿಹೋಗುತ್ತದೆ ಎಂದು ಬರೆದೆ.

ಕಪಾಟಿನಲ್ಲಿ ಜಾಗವಿರಲಿಲ್ಲ ಎಂದದ್ದು ಸುಳ್ಳು. ನಿನ್ನ ಅರೆಗಳು ನೀನು ಬಿಟ್ಟುಹೋದ ಹಾಗೇ ಖಾಲಿ ಇವೆ. ಬೂದು ಪ್ಯಾಂಟಿಗೂ ಏನೂ ಆಗಿಲ್ಲ. ನಿನ್ನದೆಂದು ನಾನೇ ಹಾಕಿಕೊಳ್ಳುತ್ತಿದ್ದೆ. ನಾನಿಲ್ಲಿ ಒಂಟಿಯಾಗಿ ಒದ್ದಾಡುತ್ತಿದ್ದೇನೆಂದು ತಿಳಿದರೆ ನಿನಗೆ ಅಲ್ಲಿ ಮನಸ್ಸು ನಿಲ್ಲುವುದಿಲ್ಲವೆಂದು ಹಾಯಾಗಿದ್ದೇನೆ ಎಂದು ಬರೆದೆ. ಅದನ್ನೇ ನೀನು ನಂಬಿಬಿಟ್ಟೆಯೇನೋ.

ನಾಳೆಯೇ ಬಾ. ಹತ್ತು ದಿನಕ್ಕಲ್ಲ, ಎಷ್ಟು ದಿನಕ್ಕಾದರೂ. ಇದನ್ನು ಓದುತ್ತಿರುವುದು ದರ್ಜಿಯಮ್ಮನವರಾದರೆ, ಅಮ್ಮಾ, ಕೈಮುಗಿದು ಕೇಳುತ್ತೇನೆ, ಅವಳಿಗೆ ತಲುಪಿಸಿ.

ಅಕ್ಕ


ಡಿಸೆಂಬರ್ 2

ಅಕ್ಕಾ,

ಇಲ್ಲಿನ ವಿಳಾಸ ದರ್ಜಿಯಮ್ಮನಿಗೆ ಮಾತ್ರ ಕೊಟ್ಟಿದ್ದೆ, ಅವರು ನಿನ್ನ ಪತ್ರ ಕಳಿಸಿದರು. ಅದು ಬಂದು ಎರಡು ವಾರವಾಯಿತು. ದಿನಾ ಬರೆಯೋಣವೆಂದುಕೊಂಡು ಮಲಗಿಬಿಡುತ್ತಿದ್ದೆ.

ಗಾಬರಿಯಾಗಬೇಡ, ಚೆನ್ನಾಗಿದ್ದೇನೆ. ಈಗ ಬೇರೆ ಊರಿನಲ್ಲಿದ್ದೇನೆ, ಕ್ಲಿನಿಕ್ಕೊಂದರಲ್ಲಿ ಕೆಲಸ ಸಿಕ್ಕಿದೆ. ಹತ್ತಿರದಲ್ಲೇ ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲ್ಲು. ಕೋಣೆಯಲ್ಲಿ ನಾಲ್ವರು, ಒಬ್ಬೊಬ್ಬರಿಗೆ ಒಂದು ಸಣ್ಣ ಕಬ್ಬಿಣದ ಬೀರು.

ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಿನ್ನ ಆಗಸ್ಟಿನ ಪತ್ರವನ್ನು ಇವರೇ ಒಡೆದರು. ಊಟಕ್ಕೆ ಕೂತಾಗ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಮಡಚಿಟ್ಟು, "ಅಕ್ಕನೇ ಬೇಡ ಅಂದಿದಾರೆ, ಇನ್ನೆಲ್ಲಿಗೆ ಹೋಗ್ತೀಯ?" ಅಂದರು. ಕೂಗಲಿಲ್ಲ, ಹೊಡೆಯಲಿಲ್ಲ. ಅವರು ಯಾವತ್ತೂ ಕೈ ಎತ್ತಿದವರಲ್ಲ. ಮಾರನೇ ದಿನ ನಮ್ಮ ಮನೆಯಿಂದ ತಂದ ಅಂಗಿಗಳನ್ನೆಲ್ಲ ಕಟ್ಟಿ ಹೊರಗಿಟ್ಟರು. ನಿನಗೆ ಬಂದ ಇತಿ ಪತ್ರ ಅವರು ಹೇಳಿದ್ದು, ನಾನು ಬರೆದದ್ದು.

ಬಟ್ಟೆ ಅಂಗಡಿಗೆ ಮಾತ್ರ ಹೋಗುತ್ತಲೇ ಇದ್ದೆವು. ಒಂದು ಶನಿವಾರ ಒಳಗಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತವಳಿಗೆ ಏಳಲು ಆಗಲಿಲ್ಲ. ಕನ್ನಡಿಯಲ್ಲಿದ್ದ ಹೆಂಗಸಿಗೆ ಯಾವ ಬಣ್ಣ ಇಷ್ಟ ಎಂದು ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಆ ಸೋಮವಾರ ಅವರು ತಮ್ಮ ಅಂಗಡಿಗೆ ಹೋದ ಮೇಲೆ ಹೊರಟೆ. ಮೈಮೇಲೆ ಅದೇ ಹಳದಿ ಉಡುಪು. ಅದರ ಗುಂಡಿ ಬೆನ್ನಿನ ಮೇಲಿದೆ. ಬೆಳಿಗ್ಗೆ ಅವರೇ ಹಾಕಿಕೊಟ್ಟಿದ್ದರು, ಬಿಚ್ಚಿ ಬೇರೆ ಹಾಕಿಕೊಳ್ಳೋಣವೆಂದರೆ ನನ್ನ ಕೈ ನಿಲುಕುವುದಿಲ್ಲ. ಹಾಗೇ ಬಂದೆ. ಹಾಸ್ಟೆಲ್ಲಿನಲ್ಲಿ ವಾರ್ಡನ್ನಮ್ಮ ಹೆಸರು ಕೇಳುವ ಮೊದಲು ನಾನು ಅವರಿಗೆ ಬೆನ್ನು ತಿರುಗಿಸಿ, "ಇದೊಂದು ಬಿಚ್ಚಿಕೊಡ್ತೀರಾ?" ಅಂದೆ. ಅವರು ಏನೂ ಕೇಳದೆ ಬಿಚ್ಚಿಕೊಟ್ಟರು.

ಬಸ್ಸು ನಮ್ಮ ಊರಿನ ಮೇಲೆಯೇ ಬಂತು ಅಕ್ಕಾ. ಊಟಕ್ಕೆಂದು ನಿನ್ನ ಕಾಲೇಜಿನ ಎದುರೇ ನಿಲ್ಲಿಸಿದರು. ನೀನು ಇಬ್ಬರು ಮೇಡಮ್ಮುಗಳ ಜೊತೆ ರಸ್ತೆ ದಾಟಿ ಬಂದೆ. ಏನೋ ಹೇಳಿ ನಗುತ್ತಿದ್ದೆ. ಬಹಳ ಚೆನ್ನಾಗಿ ಕಾಣುತ್ತಿದ್ದೆ. ನಾನು ಕಿಟಕಿಯ ಸೀಟಿನಲ್ಲೇ ಇದ್ದೆ. ಕರೆದಿದ್ದರೆ ಕೇಳಿಸುತ್ತಿತ್ತು. ಇವಳು ಹಾಯಾಗಿದ್ದಾಳೆ, ಬರೆದದ್ದು ನಿಜ, ಬೇಡ ಅಂದದ್ದೂ ನಿಜ ಎಂದುಕೊಂಡು ಸುಮ್ಮನೆ ಕೂತೆ.

ಬಟ್ಟೆಯ ವಿಷಯ ಹೇಳಿ ಮುಗಿಸುತ್ತೇನೆ. ಕ್ಲಿನಿಕ್ಕಿನವರು ಮೇಲಂಗಿ ಕೊಟ್ಟಿದ್ದಾರೆ. ಮಿಕ್ಕದ್ದು ಕೊಳ್ಳಲು ಒಬ್ಬಳೇ ಹೋದೆ. ಮೊದಲ ದಿನ ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ. ಎರಡನೇ ಸಲ ಒಳಗೆ ಹೋಗಿ ಒಂದು ಪ್ಯಾಂಟು ಹಾಕಿಕೊಂಡು ನೆಲದ ಮೇಲೆ ಕೂತು ಎದ್ದು ನೋಡಿದೆ, ತಂದೆ. ಮೂರನೇ ಸಲ ಒಂದು ಸ್ವೆಟರು. ಗಿಳಿಹಸಿರು. ಅದು ಬೇರೆ ಯಾವುದರ ಜೊತೆಗೂ ಹೊಂದುವುದಿಲ್ಲ, ನಿನ್ನ ಮೊಳೆಯಲ್ಲಿ ಒಂದು ದಿನವೂ ಉಳಿಯುತ್ತಿರಲಿಲ್ಲ. ಅದನ್ನು ಹಾಕಿಕೊಂಡು ಕನ್ನಡಿ ನೋಡಿದಾಗ ಒಂದು ಮಾತು ಹೊಳೆಯಿತು, ಬರೆಯಲೋ ಬೇಡವೋ ಎಂದು ಎರಡು ವಾರ ಒದ್ದಾಡಿದೆ. ನಮ್ಮ ಆ ನಾಲ್ಕು ಬಣ್ಣವೂ ನೀನು ಆರಿಸಿದ್ದೇ. ನಾನು ಆಗ ಸುಖವಾಗಿದ್ದೆ, ಅದು ಬೇರೆ. ಆದರೆ ಆ ಕಪಾಟು ನಮ್ಮದಲ್ಲ ಅಕ್ಕಾ, ನಿನ್ನದು. ಇನ್ನೊಬ್ಬರು ತಲೆಯಾಡಿಸುವುದನ್ನು ಕಾಯುತ್ತಾ ನಿಲ್ಲುವುದು ನನಗೆ ಅಲ್ಲೇ ರೂಢಿಯಾಗಿತ್ತೇನೋ. ನಿನಗೂ ಅವರಿಗೂ ಹೋಲಿಕೆ ಮಾಡುತ್ತಿಲ್ಲ. ನೀನು ನನ್ನನ್ನು ಸಾಕಿದವಳು.

ಸಿಟ್ಟಿಲ್ಲ. ಆದರೆ ಈಗಲೇ ಅಲ್ಲಿಗೆ ಬರಲಾರೆ. ನೀನೂ ಬರಬೇಡ. ಬಂದರೆ ನಿನ್ನ ಕಣ್ಣು ಮೊದಲು ನನ್ನ ಬೀರುವಿನೊಳಗೆ ಹೋಗುತ್ತದೆ, ನಾನು ಹಸಿರು ಸ್ವೆಟರನ್ನು ಹಿಂದಕ್ಕೆ ಸರಿಸುತ್ತೇನೆ. ಆ ಭಯ ಹೋಗಬೇಕು. ನಾನಾಗಿ ಬರೆಯುವವರೆಗೆ ಬರಬೇಡ. ಈ ವಿಳಾಸ ಯಾರಿಗೂ ಕೊಡಬೇಡ.

ಮೊಂಡಿ


ಡಿಸೆಂಬರ್ 17

ಮೊಂಡಿ,

ನಾನು ಅವತ್ತು ನಗುತ್ತಿದ್ದದ್ದು ಯಾತಕ್ಕೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗುತ್ತಿಲ್ಲ. ಮೇಡಮ್ಮುಗಳನ್ನೂ ಕೇಳಿದೆ, ಅವರಿಗೂ ನೆನಪಿಲ್ಲ. ಅಷ್ಟು ಹತ್ತಿರ ನೀನಿದ್ದೆ, ಯಾವುದೋ ನೆನಪೂ ಇಲ್ಲದ ಮಾತಿಗೆ ನಕ್ಕು ನಿನ್ನನ್ನು ಕಳಿಸಿಬಿಟ್ಟೆ.

ಕಪಾಟಿನ ಬಗ್ಗೆ ನೀನು ಬರೆದದ್ದನ್ನು ಓದಿ ಮೊದಲು ಸಿಟ್ಟು ಬಂತು. ನಿನಗಾಗಿ ಅಷ್ಟು ಮಾಡಿದವಳಿಗೆ ಇದಾ ಮಾತು ಎಂದು ಇಡೀ ಸಂಜೆ ನಿನ್ನ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. ಕೊನೆಗೆ ನಾನೇ ಸೋತೆ. ಆ ಲಂಗವನ್ನು ಅಂಗಡಿಗೆ ವಾಪಸ್ಸು ಕೊಡಲು ಹೋಗಿದ್ದು ನೀನು. ಮನೆಗೆ ಬಂದು ಏನೂ ಮಾತಾಡದೆ ಮಲಗಿದೆ. ತಲೆನೋವಿರಬೇಕೆಂದು ನಾನು ಮಾತ್ರೆ ಕೊಟ್ಟೆ. ನಿನ್ನ ವಿಷಯದಲ್ಲಿ ನನಗೆ ಯಾವಾಗಲೂ ಇಷ್ಟೇ ತಿಳಿದದ್ದು. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ. ಕೇಳುತ್ತಿದ್ದೇನೆ.

ಕನ್ನಡಕದ ಅಂಗಡಿಯವರು ಹೋದ ಭಾನುವಾರ ಬಂದಿದ್ದರು. ಬಾಗಿಲಲ್ಲೇ ನಿಲ್ಲಿಸಿದೆ. "ವಿಳಾಸ ಕೊಡಿ ಅಕ್ಕಾ, ಅವ್ಳ ಒಳ್ಳೇದಕ್ಕೇ ಕೇಳ್ತಿದೀನಿ" ಅಂದರು. "ನಂಗೆ ಹೇಳಿಲ್ಲ" ಅಂದೆ. ನಿಮಗೂ ಹೇಳಿಲ್ಲವಾ ಎಂದು ಒಂದು ಥರ ನೋಡಿದರು. "ನಂಗ್ಯಾಕೆ ಹೇಳ್ತಾಳೆ? ಬರ್ಬೇಡ ಅಂದೋಳು ನಾನೇ ಅಲ್ವಾ" ಅಂದೆ. ಅದನ್ನು ಅವರು ನಂಬಿದರು, ಹೋದರು.

ಇನ್ನೊಂದು ಹೇಳಬೇಕು, ಬೈಯಬೇಡ. ನಿನ್ನ ಪತ್ರ ಬಂದ ದಿನ ಮೊದಲ ಹಾಳೆ ಓದಿದ್ದೇ ತಡ, ರಜೆ ಹಾಕಿ ಓಡಿಹೋಗಿ ನೀನೀಗ ಇರುವ ಊರಿಗೆ ಟಿಕೆಟ್ಟು ತೆಗೆಸಿದ್ದೆ. ಕೊನೆಯ ಹಾಳೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಓದಿದೆ. ಆದರೂ ಹೋಗಿಬಿಡೋಣ, ಕಂಡ ಮೇಲೆ ಅವಳು ಬೇಡ ಅನ್ನುತ್ತಾಳೆಯೇ, ನನ್ನ ತಂಗಿ ನನಗೆ ಗೊತ್ತಿಲ್ಲವೇ ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ಕಾಲು ನಿಂತಿತು. ನನಗೆ ಗೊತ್ತು ಎಂದುಕೊಂಡೇ ಅಲ್ಲವೇ ಎಲ್ಲ ಆದದ್ದು.

ತಿರುಗಿ ಕೌಂಟರಿಗೆ ಹೋಗಿ ಟಿಕೆಟ್ಟು ಒಳಗೆ ತಳ್ಳಿದೆ. ಅಲ್ಲಿದ್ದಾಕೆ, "ಯಾಕಮ್ಮಾ, ಹೋಗಲ್ವಾ?" ಅಂದಳು.

"ಇಲ್ಲ, ತಂಗಿ ಬೇಡ ಅಂದಿದಾಳೆ" ಅಂದೆ.

ಹಾಗೆ ಬಾಯಿಬಿಟ್ಟು ಹೇಳಿದ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತೆ. ಅವರು ಊಟದ ಮೇಜಿನಲ್ಲಿ ನನ್ನ ಪತ್ರ ಓದುವಾಗ ನೀನು ತಟ್ಟೆಯ ಮುಂದೆ ಹೇಗೆ ಕೂತಿದ್ದಿರಬೇಕೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಿನ್ನ ಊರಿನ ಬಸ್ಸು ಹೊರಡುವವರೆಗೂ ನೋಡಿಕೊಂಡಿದ್ದು ಮನೆಗೆ ಬಂದೆ.

ಅಕ್ಕ